ಮಣ್ಣಿನ ಗೋಡೆಯಾಚೆಗೆ ಟೀವಿ: ವೈರ್ ಎಳೆಯದೆ ಮಾಡಿದ ರೀತಿ

ಕೊಡಗಿನ ನಾಪೋಕ್ಲು ಕಡೆಯ ಹಂಚಿನ ಮನೆ. ಹಾಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್, ಎರಡು ಗೋಡೆ ದಾಟಿ ಹಿಂದಿನ ಕೋಣೆಯಲ್ಲಿ ಇನ್ನೊಂದು ಟೀವಿ. ಟೇಪ್ ಹಿಡಿದರೆ 11 ಮೀಟರ್ ಅಷ್ಟೆ. ಆದರೆ ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದು. ಡ್ರಿಲ್ ಇಟ್ಟರೆ ಗಾರೆ ಸಮೇತ ಹೆಂಟೆ ಉದುರುತ್ತದೆ. ಹಾಗಾಗಿ 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ವೈರ್‌ಲೆಸ್ ಎಚ್‌ಡಿಎಂಐ ಸೆಟ್ ಹಾಕಿದೆ. ಹಾಲ್‌ನಲ್ಲಿ ಚಿತ್ರ, ಧ್ವನಿ ಕಳಿಸುವ ಟ್ರಾನ್ಸ್‌ಮಿಟರ್, ಕೋಣೆಯಲ್ಲಿ ಅದನ್ನು ಹಿಡಿಯುವ ರಿಸೀವರ್. ಎರಡೂ ಕಡೆ ಬರುವುದು ಒಂದೇ ಚಾನೆಲ್. ಬೇರೆ ಬೇರೆ ಚಾನೆಲ್ ಬೇಕಿದ್ದರೆ ಇನ್ನೊಂದು ಬಾಕ್ಸ್ ತೆಗೆದುಕೊಳ್ಳಲೇಬೇಕು, ಡಿಶ್‌ನಿಂದ ಅದಕ್ಕೂ ಕೇಬಲ್ ಬರಲೇಬೇಕು.

ಕೊಳ್ಳುವಾಗ ಎರಡು ವಿಷಯ ನೋಡಿ. ಟ್ರಾನ್ಸ್‌ಮಿಟರ್‌ಗೆ ಲೂಪ್ ಔಟ್ ಇರಬೇಕು: ಬಾಕ್ಸ್‌ನ ಎಚ್‌ಡಿಎಂಐ ಟ್ರಾನ್ಸ್‌ಮಿಟರ್‌ಗೆ ಹೋಗಿ, ಅಲ್ಲಿಂದ ಹಾಲ್ ಟೀವಿಗೆ ಬರುತ್ತದೆ, ಬೇರೆ ಸ್ಪ್ಲಿಟರ್ ಬೇಡ. ಮತ್ತೆ ಎಚ್‌ಡಿಸಿಪಿ (ನಕಲು ತಡೆಯುವ ರಕ್ಷಣೆ) ಬೆಂಬಲ ಇರಬೇಕು. ಇಲ್ಲದಿದ್ದರೆ ಬಾಕ್ಸ್‌ನ ಮೆನು ಕಾಣುತ್ತದೆ, ಕೆಲವು ಚಾನೆಲ್ ಹಾಕಿದ ಕೂಡಲೇ ಪರದೆ ಕಪ್ಪಾಗುತ್ತದೆ. ಡಬ್ಬಿಯ ಮೇಲಿನ 50 ಮೀಟರ್, 100 ಮೀಟರ್ ಎಲ್ಲ ಬಯಲಿನ ಲೆಕ್ಕ, ನಮ್ಮ ಗೋಡೆಗಳಿಗೆ ಅನ್ವಯಿಸುವುದಿಲ್ಲ. 60 ಗಿಗಾಹರ್ಟ್ಸ್‌ನ ಸೆಟ್ ಅಂತೂ ಒಂದೇ ಕೋಣೆಯೊಳಗಿನ ಸಾಮಾನು.

ಮೊದಲು ಟ್ರಾನ್ಸ್‌ಮಿಟರನ್ನು ಟೀವಿ ಸ್ಟ್ಯಾಂಡ್ ಮೇಲೆಯೇ ಇಟ್ಟೆ. ಚಿತ್ರ ಬಂತು, ಆದರೆ ಎರಡು ನಿಮಿಷಕ್ಕೊಮ್ಮೆ ನಿಂತು ನಿಂತು ಬರುತ್ತಿತ್ತು. ನಡುವಿನ ಬಾಗಿಲು ಮುಚ್ಚಿದರೆ ಪೂರ್ತಿ ಹೋಯಿತು. ಅಂದರೆ ಸಿಗ್ನಲ್ ಗೋಡೆ ತೂರಿ ಬರುತ್ತಿರಲಿಲ್ಲ, ಬಾಗಿಲಿನ ದಾರಿ ಹಿಡಿದಿತ್ತು.

ದಾರಿ ಸಿಕ್ಕಿದ್ದು ಅಟ್ಟದಲ್ಲಿ. ಈ ಮನೆಯ ಒಳಗೋಡೆಗಳು ಅಟ್ಟದ ಮಟ್ಟಕ್ಕೆ ನಿಲ್ಲುತ್ತವೆ. ಅದರ ಮೇಲೆ ಮಾಡಿನ ಕೆಳಗೆಲ್ಲ ಒಂದೇ ಬಯಲು. ಅಟ್ಟದ ಒಣಗಿದ ಮರದ ಹಲಗೆ 5 ಗಿಗಾಹರ್ಟ್ಸ್ ಅನ್ನು ಹೆಚ್ಚು ತಡೆಯುವುದಿಲ್ಲ. ಟ್ರಾನ್ಸ್‌ಮಿಟರನ್ನು 2 ಮೀಟರ್ ಎಚ್‌ಡಿಎಂಐ ಕೇಬಲ್‌ನಲ್ಲಿ ಎತ್ತಿ ಹಲಗೆಯಿಂದ ಒಂದು ಗೇಣು ಕೆಳಗೆ ಕಪಾಟಿನ ಮೇಲಿಟ್ಟೆ, ಕೋಣೆಯಲ್ಲೂ ಹಾಗೆಯೇ. ಸಿಗ್ನಲ್ ಹಲಗೆ ದಾಟಿ ಮೇಲೇರಿ, ಗೋಡೆಯ ತಲೆ ಮೇಲಿಂದ ಹಾದು ಆಚೆ ಇಳಿಯುತ್ತದೆ. ಅಟ್ಟದಲ್ಲಿ ಒಣ ಕರಿಮೆಣಸಿನ ಚೀಲ ಇದ್ದರೂ ಅಡ್ಡಿಯಾಗಲಿಲ್ಲ. ಕಬ್ಬಿಣದ ಟ್ರಂಕ್ ಮಾತ್ರ ಸರಿಸಬೇಕಾಯಿತು.

ಇಲ್ಲಿ ತುಂಬ ಜನ ಎಡವುವುದು ಆಂಟೆನಾದಲ್ಲಿ. ಕಡ್ಡಿಯಂಥ ಆಂಟೆನಾ ತನ್ನ ತುದಿಯ ದಿಕ್ಕಿಗೆ ಬಹಳ ಕಡಿಮೆ ಬೀರುತ್ತದೆ, ಹರಡುವುದು ಪಕ್ಕಕ್ಕೆ. ನೆಟ್ಟಗೆ ನಿಲ್ಲಿಸಿದರೆ ಮೇಲಕ್ಕೆ ಹೋಗಬೇಕಾದ ಸಿಗ್ನಲ್ಲೇ ಸೊರಗುತ್ತದೆ. ಎರಡೂ ಕಡೆಯ ಕಡ್ಡಿಗಳನ್ನು ಮಲಗಿಸಿ, ಒಂದಕ್ಕೊಂದು ಸಮಾನಾಂತರವಾಗಿ, ಆಚೆ ಕೋಣೆಯ ದಿಕ್ಕಿಗೆ ಅಡ್ಡಲಾಗಿ ತಿರುಗಿಸಿದೆ. ಬಾಗಿಲು ಮುಚ್ಚಿದರೂ ಚಿತ್ರ ಕಡಿಯದೆ ಬಂತು.

ರಿಸೀವರನ್ನು ಟೀವಿಯ ಬೆನ್ನಿಗೆ ಅಂಟಿಸಬೇಡಿ, ಅಲ್ಲಿ ಲೋಹದ ತಗಡಿರುತ್ತದೆ. ಸ್ಟೀಲ್ ಬೀರು, ಕನ್ನಡಿ ಎರಡೂ ಶತ್ರುಗಳೇ. ವೈಫೈ ರೂಟರ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಕನಿಷ್ಠ ಒಂದೆರಡು ಮೀಟರ್ ದೂರ ಇಡಿ, ಅಥವಾ ರೂಟರನ್ನು 2.4ಕ್ಕೆ ಬದಲಿಸಿ.

ಟೀವಿಯ ಯುಎಸ್‌ಬಿಯಿಂದ ರಿಸೀವರ್‌ಗೆ ಕರೆಂಟ್ ಕೊಡುವ ಆಸೆ ಬೇಡ. ಅದರಿಂದ ಸಾಮಾನ್ಯವಾಗಿ ಸಿಗುವುದು 0.5 ಆಂಪಿಯರ್, ಅದು ಸಾಲದೆ ರಿಸೀವರ್ ಆಫ್ ಆಗಿ ಆನ್ ಆಗುತ್ತಿರುತ್ತದೆ. 5 ವೋಲ್ಟ್ 2 ಆಂಪಿಯರ್ ಚಾರ್ಜರ್ ಎರಡೂ ಕಡೆ ಹಾಕಿ, ಎರಡನ್ನೂ ಇನ್ವರ್ಟರ್ ಲೈನ್‌ಗೇ ಕೊಡಿ.

ಹಿಂದಿನ ಕೋಣೆಯದು 1366 × 768ರ ಹಳೆ ಟೀವಿ. ಬಾಕ್ಸ್‌ನ ಔಟ್‌ಪುಟ್ 1080ಪಿ ಇದ್ದಾಗ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. 720ಪಿಗೆ ಇಳಿಸಿದ ಮೇಲೆ ತಕರಾರಿಲ್ಲ. ಚಿತ್ರ ಬಂದು ಧ್ವನಿ ಬರದಿದ್ದರೆ ಬಾಕ್ಸ್‌ನ ಆಡಿಯೋ ಸೆಟ್ಟಿಂಗನ್ನು ಡಾಲ್ಬಿಯಿಂದ ಪಿಸಿಎಂ ಅಥವಾ ಸ್ಟೀರಿಯೋಗೆ ಬದಲಿಸಿ.

ಕೋಣೆಯಲ್ಲಿ ಕೂತೇ ಬಾಕ್ಸ್‌ನ ರಿಮೋಟ್ ಒತ್ತಲು ಸೆಟ್ ಜೊತೆ ಎರಡು ತೆಳು ವೈರ್ ಬರುತ್ತವೆ. ಕಣ್ಣಿರುವುದು ಕೋಣೆಯ ಟೀವಿ ಪಕ್ಕಕ್ಕೆ, ಮೊಟ್ಟೆಯಂತೆ ಉಬ್ಬಿದ ಎಲ್‌ಇಡಿ ಬಾಕ್ಸ್ ಮುಂದಕ್ಕೆ. ಬಾಕ್ಸ್‌ನ ಸೆನ್ಸರ್ ಕಪ್ಪು ಪ್ಲಾಸ್ಟಿಕ್ ಹಿಂದೆ ಅಡಗಿರುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಒಳಗೆ ಸಣ್ಣ ಉಂಡೆ ಮಿನುಗುತ್ತದೆ, ಅದರ ಎದುರಿಗೇ ಅಂಟಿಸಿ. ಬ್ಲೂಟೂತ್ ರಿಮೋಟ್‌ನ ಬಾಕ್ಸ್‌ಗೆ ಈ ಉಪಾಯ ನಡೆಯುವುದಿಲ್ಲ.

ಕೋಣೆಯ ಧ್ವನಿ ಹಾಲ್‌ಗಿಂತ ಒಂದು ಚೂರು ತಡ. ನೋಡಲು ತೊಂದರೆಯಿಲ್ಲ, ಆದರೆ ಎರಡೂ ಟೀವಿ ಜೋರಾಗಿದ್ದರೆ ಹಾಕಿ ಪಂದ್ಯದ ಕಾಮೆಂಟರಿ ಪ್ರತಿಧ್ವನಿಸುತ್ತದೆ. ಒಂದರದು ತಗ್ಗಿಸಿ.

ಮಾರ್ಚ್‌ನಲ್ಲಿ ಚೆನ್ನಾಗಿ ಬಂತೆಂದು ನಂಬಿ ಕೂರಬೇಡಿ. ಜುಲೈ ಮಳೆಗೆ ಮಣ್ಣಿನ ಗೋಡೆ ತೇವ ಹೀರುತ್ತದೆ, ತೇವ ಸಿಗ್ನಲ್ ನುಂಗುತ್ತದೆ. ಜಾಗ ಗೊತ್ತುಮಾಡುವಾಗಲೇ ಬಾಗಿಲೆಲ್ಲ ಮುಚ್ಚಿ, ಒಬ್ಬರನ್ನು ನಡುವೆ ನಿಲ್ಲಿಸಿ ಅರ್ಧ ಗಂಟೆ ನೋಡಿ. ಮಳೆಗಾಲದಲ್ಲಿ ಎರಡೂ ಟೀವಿಯಲ್ಲಿ ಚಿತ್ರ ಒಡೆದರೆ ಅದು ಡಿಶ್‌ನ ಕಥೆ. ಉಪಗ್ರಹದ ಕೆಯು ಬ್ಯಾಂಡ್ ಸಿಗ್ನಲ್ ದಟ್ಟ ಮಳೆಯಲ್ಲಿ ಕುಗ್ಗುತ್ತದೆ. ಕೋಣೆಯದು ಮಾತ್ರ ಒಡೆದರೆ ಅಟ್ಟ ಹತ್ತಿ ನೋಡಿ, ಯಾರೋ ಟ್ರಂಕ್ ಮತ್ತೆ ಎಳೆದಿಟ್ಟಿರುತ್ತಾರೆ.

ಏಪ್ರಿಲ್, ಮೇ ಸಿಡಿಲಿಗೆ ಡಿಶ್ ಕೇಬಲ್ ಕಳಚುವುದರ ಜೊತೆ ಎರಡೂ ಚಾರ್ಜರ್ ಕೂಡ ಪ್ಲಗ್‌ನಿಂದ ತೆಗೆಯಿರಿ. ಡಿಶ್‌ನಿಂದ ಬಂದ ಹೊಡೆತ ಎಚ್‌ಡಿಎಂಐ ತಂತಿ ಹಿಡಿದು ಕೋಣೆಯ ಟೀವಿಗೆ ಹೋಗುವ ದಾರಿ ಈಗಿಲ್ಲ, ಆದರೆ ಕರೆಂಟ್ ಲೈನ್‌ನ ದಾರಿ ಹಾಗೆಯೇ ಇದೆ.