ಮುಂಬೈ ಮಳೆಗಾಲ, ಲೆನ್ಸಿನ ಬೂಷ್ಟು ಮತ್ತು ನನ್ನ ಒಣಪೆಟ್ಟಿಗೆ

ಅಡುಗೆಮನೆಯ ಡಬ್ಬಿಯಲ್ಲಿ ಉಪ್ಪು ನೀರೊಡೆಯಿತು ಎಂದರೆ ಕ್ಯಾಮೆರಾ ಪೆಟ್ಟಿಗೆಯೊಳಗೆ ಇರಬೇಕು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ತಡವೇ ಆಗಿರುತ್ತದೆ. ಪುಡಿಯುಪ್ಪು ನೀರಾಗುವುದು ಗಾಳಿಯ ತೇವಾಂಶ ಶೇಕಡಾ 75 ದಾಟಿದ ಮೇಲೆ. ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೆಳೆಯುವುದಕ್ಕೆ 60–65 ಸಾಕು. ಮುಂಬೈಗೆ ಮಳೆ ಕಾಲಿಡುವ ವಾಡಿಕೆಯ ದಿನ ಜೂನ್ 11, ಹಿಂದೆ ಸರಿಯುವುದು ಅಕ್ಟೋಬರ್ 8. ಈ ನಾಲ್ಕು ತಿಂಗಳು ಕಿಟಕಿ ತೆರೆದ ಮನೆಯೊಳಗೆ 80–90 ಇರುವುದು ಮಾಮೂಲು. ಹಾಗಾಗಿ ಮೇ ಕೊನೆಯ ವಾರದಲ್ಲೇ ನನ್ನ ಪೆಟ್ಟಿಗೆ ತಯಾರಾಗುತ್ತದೆ, ಊರಿನಿಂದ ಹಪ್ಪಳ ಸಂಡಿಗೆಯ ಗಂಟು ಬಂದು ಡಬ್ಬಿ ಸೇರುವ ಹೊತ್ತಿಗೆ. ಎರಡರ ವಿದ್ಯೆಯೂ ಒಂದೇ: ಒಣಗಿಸಿ ಇಡು, ಗಾಳಿಯಾಡದಂತೆ ಮುಚ್ಚು, ಒದ್ದೆ ಕೈ ಹಾಕಬೇಡ.

ಬೇಕಾದ ಸಾಮಾನು ಕಡಿಮೆ. ಮುಚ್ಚಳದ ಸುತ್ತ ರಬ್ಬರ್ ಅಥವಾ ಸಿಲಿಕೋನ್ ರಿಂಗ್ ಇರುವ, ನಾಲ್ಕೂ ಬದಿಗೆ ಕ್ಲಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, 15ರಿಂದ 20 ಲೀಟರಿನದು. ತೇವ ಹೀರುವ ಕಾಳುಗಳಾದ ಸಿಲಿಕಾ ಜೆಲ್, ಬಣ್ಣ ಬದಲಿಸುವಂಥದ್ದು, ಅರ್ಧ ಕಿಲೋ. ಡಿಜಿಟಲ್ ತೇವಾಂಶ ಮಾಪಕ ಒಂದು. ಅಡುಗೆಮನೆಯ ತಕ್ಕಡಿ. ಹಳೆಯ ಪಂಚೆಯ ತುಂಡು. ಡಬ್ಬಿ ಕ್ರಾಫರ್ಡ್ ಮಾರ್ಕೆಟ್ಟಿನಲ್ಲೋ ದಾದರಿನಲ್ಲೋ ಸಿಗುತ್ತದೆ. ಕ್ಯಾಮೆರಾ ಸಾಮಾನಿಗೆ ಫೋರ್ಟಿನ ಬೋರಾ ಬಜಾರ್ ಇದೆ.

ಅಂಗಡಿಯಲ್ಲೇ ಡಬ್ಬಿಯನ್ನು ಪರೀಕ್ಷಿಸಿ. ಕಾಗದದ ಪಟ್ಟಿಯೊಂದನ್ನು ಮುಚ್ಚಳದ ಅಂಚಿನಲ್ಲಿ ಸಿಕ್ಕಿಸಿ ಕ್ಲಿಪ್ ಹಾಕಿ, ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ಜಾರಿ ಬಂತೆಂದರೆ ಅಲ್ಲಿ ಸಂದು ಇದೆ. ನಾಲ್ಕು ಮೂಲೆ, ನಾಲ್ಕು ಬದಿ, ಎಂಟು ಕಡೆ ಹೀಗೆ ಮಾಡಬೇಕು. ದೊಡ್ಡ ಡಬ್ಬಿಗಳಲ್ಲಿ ಉದ್ದನೆಯ ಬದಿಯ ನಡುಭಾಗವೇ ಉಬ್ಬಿ ಕೈಕೊಡುವುದು, ಮೂಲೆಗಳಲ್ಲ. ರಿಂಗ್ ಇಲ್ಲದ ಬ್ರೆಡ್ ಡಬ್ಬಿ, ಆಟಿಕೆ ಡಬ್ಬಿಗಳಲ್ಲಿ ಎಷ್ಟು ಜೆಲ್ ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹೆಚ್ಚಿನವರು ಜೆಲ್ಲಿಗೆ ದುಡ್ಡು ಹಾಕಿ ಮಾಪಕವನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಮಾಪಕವೇ ಮುಖ್ಯ. ಅದಿಲ್ಲದೆ ಪೆಟ್ಟಿಗೆಯೊಳಗೆ 30 ಇದೆಯೋ 70 ಇದೆಯೋ ಗೊತ್ತಾಗುವುದೇ ಇಲ್ಲ. 70 ಇದ್ದರೆ ನೀವು ಬೂಷ್ಟಿಗೆ ಗಾಳಿ ಓಡಾಡದ ಕತ್ತಲ ಮನೆಯೊಂದನ್ನು ಕಟ್ಟಿಕೊಟ್ಟಂತೆ. ಅಗ್ಗದ ಮಾಪಕಗಳು ಐದಾರು ಅಂಕ ಆಚೀಚೆ ತೋರಿಸುತ್ತವೆ. ಅದನ್ನು ಉಪ್ಪಿನಿಂದಲೇ ಸರಿನೋಡಬಹುದು. ನೀರಿನ ಬಾಟಲಿಯ ಮುಚ್ಚಳಕ್ಕೆ ಪುಡಿಯುಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರಿನ ಹನಿ ಹಾಕಿ. ಉಪ್ಪು ಕರಗಿ ನೀರಾಗಬಾರದು, ಕಾಳು ಕಾಣುತ್ತಿರಬೇಕು. ಆ ಮುಚ್ಚಳವನ್ನೂ ಮಾಪಕವನ್ನೂ ಒಂದು ಜಿಪ್‌ಲಾಕ್ ಚೀಲದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿ ಉಳಿಸಿಕೊಂಡು ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮಾಪಕ ಐದು ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನಿಗೇ ಬರೆದು ಅಂಟಿಸಿ. ಕಲ್ಲುಪ್ಪು ಇದಕ್ಕೆ ಬೇಡ. ಅದರಲ್ಲಿರುವ ಮೆಗ್ನೀಸಿಯಂ ಲವಣಗಳು ಇನ್ನೂ ಕಡಿಮೆ ತೇವಾಂಶದಲ್ಲೇ ನೀರೆಳೆಯುವುದರಿಂದ ಲೆಕ್ಕ ತಪ್ಪುತ್ತದೆ.

ಈಗ ಜೆಲ್ಲಿನ ಲೆಕ್ಕ. ಪೆಟ್ಟಿಗೆಯ ಮುಚ್ಚಳ ತೆರೆದರೆ ತೇವವೆಲ್ಲ ಒಳಗೆ ನುಗ್ಗುತ್ತದೆ ಎಂದು ಹೆದರಿ ಕ್ಯಾಮೆರಾವನ್ನು ಹೊರಗೇ ತೆಗೆಯದವರಿದ್ದಾರೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. 85 ತೇವಾಂಶವಿದ್ದರೆ 20 ಲೀಟರ್ ಡಬ್ಬಿಯ ಗಾಳಿಯಲ್ಲಿರುವ ನೀರು ಬರೀ ಅರ್ಧ ಗ್ರಾಂ! ದಿನಕ್ಕೆರಡು ಸಲ ತೆರೆದರೂ ತಿಂಗಳಿಗೆ 30 ಗ್ರಾಂ ದಾಟುವುದಿಲ್ಲ. ನಿಜವಾದ ನೀರು ಬರುವುದು ನೀವು ಒಳಗಿಡುವ ಬಟ್ಟೆಯಿಂದ. ಕ್ಯಾಮೆರಾ ಬ್ಯಾಗು, ಹತ್ತಿಯ ಪಟ್ಟಿ, ಚರ್ಮದ ಕವಚ, ಲೆನ್ಸು ಬಂದ ರಟ್ಟಿನ ಪೆಟ್ಟಿಗೆ ಇವೆಲ್ಲ ಮಳೆಗಾಲದಲ್ಲಿ ಮುಟ್ಟಿದರೆ ಒಣಗಿದಂತೆಯೇ ಕಂಡರೂ ತಮ್ಮ ತೂಕದ ಹತ್ತನೇ ಒಂದು ಭಾಗದಷ್ಟು ನೀರನ್ನು ಒಡಲಲ್ಲಿಟ್ಟುಕೊಂಡಿರಬಲ್ಲವು. ಬ್ಯಾಗಿನ ಸಮೇತ ಪೆಟ್ಟಿಗೆಯಲ್ಲಿಟ್ಟರೆ ಜೆಲ್ಲೆಲ್ಲ ಬ್ಯಾಗು ಒಣಗಿಸುವುದಕ್ಕೇ ಸರಿಹೋಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಕ್ಯಾಮೆರಾ ಬಾಡಿ, ಲೆನ್ಸು, ಬೈನಾಕ್ಯುಲರ್ ಬಿಟ್ಟರೆ ಬೇರೇನೂ ಇಲ್ಲ. ತಳಕ್ಕೆ ಹಾಸಲು ಯೋಗಾ ಚಾಪೆಯಂಥ ನೀರು ಹೀರದ ಫೋಮ್. ಚರ್ಮದ ಕವಚವಂತೂ ಬೂಷ್ಟಿಗೆ ಹಬ್ಬದೂಟ. ಅಜ್ಜನ ಕಾಲದ ಕ್ಯಾಮೆರಾ ಇದ್ದರೆ ಮೊದಲು ಅದನ್ನು ಕವಚದಿಂದ ಬಿಡಿಸಿ.

ಜೆಲ್ಲನ್ನು ಒಟ್ಟಿಗೆ ಸುರಿಯುವುದೂ ತಪ್ಪು. ಹೊಸದಾಗಿ ಒಣಗಿಸಿದ ಅರ್ಧ ಕಿಲೋ ಜೆಲ್ ಇಷ್ಟು ಚಿಕ್ಕ ಡಬ್ಬಿಯನ್ನು ಒಂದೇ ದಿನದಲ್ಲಿ 20ಕ್ಕಿಂತ ಕೆಳಗೆ ಇಳಿಸಿಬಿಡುತ್ತದೆ. ತಿಂಗಳುಗಟ್ಟಲೆ 30ಕ್ಕಿಂತ ಕೆಳಗಿದ್ದರೆ ಹಿಡಿಕೆಯ ರಬ್ಬರಿಗೂ ಫೋಕಸ್ ರಿಂಗಿನ ಗ್ರೀಸಿಗೂ ಒಳ್ಳೆಯದಲ್ಲ. ನನಗೆ ಬೇಕಿರುವುದು 40ರಿಂದ 50. ಅದಕ್ಕಾಗಿ ಪಂಚೆಯ ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿದ ಪೊಟ್ಟಣಗಳಲ್ಲಿ 150–150 ಗ್ರಾಂ ತುಂಬಿ ಮೂರು ಪೊಟ್ಟಣ ಮಾಡಿಟ್ಟುಕೊಳ್ಳುತ್ತೇನೆ. ಎರಡು ಪೆಟ್ಟಿಗೆಯಲ್ಲಿ, ಮೂರನೆಯದು ಒಣಗಿಸಿಕೊಂಡು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕಾದಿರುತ್ತದೆ. ಮಾಪಕ 50 ದಾಟಿದಾಗ ಎರಡರಲ್ಲಿ ಹಳೆಯದನ್ನು ಮಾತ್ರ ತೆಗೆದು ಕಾದಿರುವುದನ್ನು ಹಾಕುವುದು. ಸದಾ ಒಂದು ಅರೆತುಂಬಿದ್ದು, ಒಂದು ಹೊಸದು ಇರುವುದರಿಂದ ಅಂಕ ಒಮ್ಮೆಲೇ ಪಾತಾಳಕ್ಕೆ ಬೀಳುವುದಿಲ್ಲ. ಯಾವುದು ಹಳೆಯದು ಎಂಬ ಗೊಂದಲ ಬೇಡವೆಂದರೆ ಹೊಲಿಯುವ ದಾರದ ಬಣ್ಣ ಬೇರೆ ಬೇರೆ ಇರಲಿ.

ಜೆಲ್ ತುಂಬಿತೋ ಇಲ್ಲವೋ ಎಂಬುದಕ್ಕೆ ಬಣ್ಣಕ್ಕಿಂತ ತೂಕ ನಂಬಿಕಸ್ಥ. ಒಣಗಿದಾಗಿನ ತೂಕವನ್ನು ಪೊಟ್ಟಣದ ಮೇಲೇ ಪೆನ್ನಿನಲ್ಲಿ ಬರೆದಿಡಿ. 150 ಗ್ರಾಂ ಜೆಲ್ 180 ಆಗಿದೆ, ಅಂದರೆ ತೂಕದ ಶೇಕಡಾ 20ರಷ್ಟು ನೀರು ಕುಡಿದಿದೆ ಎಂದರೆ ಅದು ಪೆಟ್ಟಿಗೆಯನ್ನು 40ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಬಲ್ಲದು, ಅದಕ್ಕಿಂತ ಕೆಳಗೆ ಇಳಿಸಲಾರದು. 190ರ ಹತ್ತಿರ ಬಂದರೆ ಒಲೆಗೆ ಹೋಗುವ ಸಮಯ.

ಒಣಗಿಸಲು ಓಟಿಜಿ ಓವನ್ ಎಲ್ಲಕ್ಕಿಂತ ಸಲೀಸು. ಜೆಲ್ಲನ್ನು ಪೊಟ್ಟಣದಿಂದ ಬಿಚ್ಚಿ ಸ್ಟೀಲ್ ತಟ್ಟೆಯಲ್ಲಿ ಎರಡು ಕಾಳಿನ ದಪ್ಪಕ್ಕೆ ಹರಡಿ, 110–120 ಡಿಗ್ರಿಯಲ್ಲಿ ಎರಡು ಗಂಟೆ. ನಡುವೆ ಒಮ್ಮೆ ಕೈಯಾಡಿಸಿ. ಮತ್ತೆ ತೂಗಿ 150ಕ್ಕೆ ಬಂತೇ ನೋಡಿ, ಬರದಿದ್ದರೆ ಇನ್ನರ್ಧ ಗಂಟೆ. 120 ದಾಟಿಸಿದರೆ ಬಣ್ಣದ ಪುಡಿ ಸುಟ್ಟು ಕಾಳು ಕಂದಾಗುತ್ತದೆ. ಆಮೇಲೂ ನೀರು ಹೀರುತ್ತದೆ, ಬಣ್ಣ ಮಾತ್ರ ಹೇಳುವುದಿಲ್ಲ. ಓವನ್ ಇಲ್ಲದವರು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಗಡಲೆಯಂತೆ ಕೈಬಿಡದೆ ಹುರಿಯಬಹುದು. ಉರಿ ಹೆಚ್ಚಾದರೆ ಒಳಗಿನ ನೀರು ಆವಿಯಾಗಿ ಕಾಳು ಚಟಪಟ ಸಿಡಿದು ಪುಡಿಯಾಗುತ್ತದೆ, ಆ ಪುಡಿಯೇ ಲೆನ್ಸಿನ ಮೇಲೆ ಕೂರುತ್ತದೆ. ಮೈಕ್ರೋವೇವಿನಲ್ಲೂ ಇದೇ ಕಾಟ. ಒಣಗಿದ್ದನ್ನು ಗಾಳಿಗೆ ಆರಲು ಬಿಡಬೇಡಿ, ತಣಿಯುವಷ್ಟರಲ್ಲೇ ಮುಂಬೈಯ ಗಾಳಿಯನ್ನು ಕುಡಿಯಲು ಶುರುಮಾಡುತ್ತದೆ. ಬಿಸಿಯಿದ್ದಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ಪೂರ್ತಿ ಆರಿದ ಮೇಲೆ ಪೊಟ್ಟಣಕ್ಕೆ ತುಂಬಿ. ಕೊಳ್ಳುವಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ ಕೇಳಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಪಾತ್ರೆಗೂ ಮಕ್ಕಳ ಕೈಗೂ ಸೋಂಕಬಾರದು.

ಜೆಲ್ಲಿಗೆ ಬದಲು ಅಕ್ಕಿ ಹಾಕುವ ಪದ್ಧತಿಯನ್ನು ಬಿಟ್ಟುಬಿಡಿ. ಅಕ್ಕಿ ಹೀರುವುದು ಅಲ್ಪ, ಉದುರಿಸುವ ಹಿಟ್ಟು ಬಹಳ. ನುಸಿಗುಳಿಗೆಯ ಆವಿ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಕೆಡುಕು. ಬಟ್ಟೆಯ ಕಪಾಟಿಗೆ ತೂಗುಹಾಕುವ, ಕೆಳಗೆ ನೀರು ತುಂಬಿಕೊಳ್ಳುವ ಚೀಲಗಳಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಸೀರೆಗಳಿಗೆ ಅದು ಚೆನ್ನ, ಆದರೆ ಪೆಟ್ಟಿಗೆಯೊಳಗೆ ಮಗುಚಿತೋ ಉಪ್ಪುನೀರು ನೇರ ಸರ್ಕ್ಯೂಟಿಗೆ. ನಾಲ್ಕೈದು ಲೆನ್ಸು ದಾಟಿದವರು ಕರೆಂಟಿನ ಒಣಕಪಾಟು ಕೊಂಡುಬಿಡುವುದೇ ವಾಸಿ, ಈ ಹುರಿಯುವ ರಗಳೆಯೇ ಇಲ್ಲ.

ಪೆಟ್ಟಿಗೆ ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ನೈಋತ್ಯದ ಮಳೆ ಬಡಿಯುವ ಹೊರಗೋಡೆ, ಬಚ್ಚಲುಮನೆಗೆ ಅಂಟಿದ ಗೋಡೆ, ನೆಲ ಇವು ಬೇಡ. ಬಿಸಿಲು ಬೀಳುವ ಕಿಟಕಿಯೂ ಬೇಡ, ಏಕೆಂದರೆ ಬಿಸಿಯಾದ ಜೆಲ್ ಕುಡಿದ ನೀರನ್ನು ಕಕ್ಕುತ್ತದೆ. ಒಳಕೋಣೆಯ ಮೇಜಿನೆತ್ತರದ ಕಪಾಟು ಸರಿ.

ಶನಿವಾರ ಭಾನುವಾರ ಮಾಳಶೇಜ್ ಘಾಟಿಗೋ ಲೋಣಾವಳದಾಚೆಯ ಲೋಹಗಡಕ್ಕೋ ಹೋಗುವಾಗ ಕೆಡುವುದು ಮಳೆಯಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮಳೆಗಿಂತ ಎಸಿಯೇ ಕೆಡಿಸುವುದು ಹೆಚ್ಚು. ಜುಲೈನಲ್ಲಿ ಮುಂಬೈ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ಆವಿ ನೀರಹನಿಯಾಗತೊಡಗುವ ಉಷ್ಣಾಂಶ, 25 ಡಿಗ್ರಿಯ ಹತ್ತಿರ ಇರುತ್ತದೆ. ಎಸಿಯಲ್ಲಿ 22ಕ್ಕೆ ತಣಿದ ಲೆನ್ಸನ್ನು ಕಾರಿನ ಬಾಗಿಲು ತೆರೆದು ಹೊರತೆಗೆದರೆ, ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಲೋಟದಂತೆ ಅದರ ಮೈಯೆಲ್ಲ ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಮತ್ತೆ. ಅದೇ ಹೊತ್ತಿಗೆ ಲೆನ್ಸು ಬದಲಿಸಿದರೆ ಒಳಗೂ ಬೆವರು. ಹೊರಡುವ ಮೊದಲೇ ಕ್ಯಾಮೆರಾವನ್ನು ಜಿಪ್‌ಲಾಕ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ತಲುಪಲು 20 ನಿಮಿಷ ಇರುವಾಗ ಕಾರಿನ ಎಸಿ ಆರಿಸಿ ಕಿಟಕಿ ಇಳಿಸಿ. ಇಳಿದ ಮೇಲೂ ಅರ್ಧ ಗಂಟೆ ಚೀಲ ಬಿಚ್ಚಬೇಡಿ. ಒಂದು ವಡಾಪಾವ್, ಒಂದು ಕಟಿಂಗ್ ಚಹಾ ಆಗುವಷ್ಟು ಹೊತ್ತು. ಬೆವರು ಚೀಲದ ಹೊರಮೈಗೆ ಬರುತ್ತದೆ, ಗಾಜಿಗೆ ಬರುವುದಿಲ್ಲ. ಲೋಕಲ್ ರೈಲಿನಲ್ಲಿ ಕರ್ಜತ್ ಕಡೆ ಹೋಗುವವರಿಗೆ ಈ ತಾಪತ್ರಯವೇ ಇಲ್ಲ, ಬಾಗಿಲಿನ ಗಾಳಿಯೇ ಲೆನ್ಸನ್ನು ಹದಕ್ಕೆ ತಂದಿರುತ್ತದೆ.

ಮಳೆಗೆ ಕವಚವಾಗಿ ಹೋಟೆಲಿನಲ್ಲಿ ಕೊಡುವ ಸ್ನಾನದ ಟೋಪಿ ಕ್ಯಾಮೆರಾದ ಮೈಗೆ ಸಾಕು. ಇನ್ನೂ ಗಟ್ಟಿ ಬೇಕಾದರೆ ದೊಡ್ಡ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, ಲೆನ್ಸಿನ ಹುಡ್ ಅಲ್ಲಿಂದ ಹೊರಬರುವಂತೆ ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿ. ಉದ್ದಕ್ಕೆ ಚಾಚುವ ಜೂಮ್ ಲೆನ್ಸು ಸೈಕಲ್ ಪಂಪಿನಂತೆ. ಒಮ್ಮೆ ಎಳೆದಾಗಲೆಲ್ಲ ಮಂಜಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮೋಡದೊಳಗೆ ನಿಂತಾಗ ಒಂದೇ ಅಳತೆಗೆ ಇಟ್ಟು ಕಾಲಲ್ಲೇ ಮುಂದೆ ಹಿಂದೆ ಹೋಗುವುದು ಮೇಲು.

ಮರೀನ್ ಡ್ರೈವಿನಲ್ಲೋ ವರ್ಲಿಯಲ್ಲೋ ಭರತದ ಅಲೆ ತೆಗೆದು ಬಂದರೆ ಬೇರೆ ಉಪಚಾರ. ಅಲ್ಲಿ ಸಿಡಿಯುವುದು ನೀರಷ್ಟೇ ಅಲ್ಲ, ಉಪ್ಪು. ಒಣಬಟ್ಟೆಯಲ್ಲಿ ತಿಕ್ಕಿದರೆ ಹರಳು ಗಾಜನ್ನು ಗೀರುತ್ತದೆ; ಒರೆಸದೆ ಬಿಟ್ಟರೆ ಸದಾ ನೀರೆಳೆಯುತ್ತ ಕೂತಿರುತ್ತದೆ. ಮೊದಲು ಊದುಬುರುಡೆಯಿಂದ ಊದಿ, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲಷ್ಟೇ ಒಣ ಮೈಕ್ರೋಫೈಬರ್. ರಿಂಗುಗಳ ಸಂದು, ಟ್ರೈಪಾಡಿನ ಕೀಲು ಮರೆಯಬಾರದು.

ಮನೆಗೆ ಬಂದವರು ಒದ್ದೆ ಕ್ಯಾಮೆರಾವನ್ನು ನೇರ ಪೆಟ್ಟಿಗೆಗೆ ಹಾಕಬೇಡಿ. ಬ್ಯಾಟರಿ, ಕಾರ್ಡು ತೆಗೆದು, ಮುಚ್ಚಳಗಳನ್ನೆಲ್ಲ ಬಿಚ್ಚಿ, ಫ್ಯಾನಿನ ಕೆಳಗೆ ಎರಡು ಮೂರು ಗಂಟೆ. ಹೇರ್ ಡ್ರೈಯರ್ ಬೇಡ. ಬ್ಯಾಗಿನ ಒಳಗಿನ ತಡೆಗಳನ್ನೆಲ್ಲ ಕಿತ್ತು ರಾತ್ರಿ ಎಸಿ ಕೋಣೆಯಲ್ಲಿ ಡ್ರೈ ಮೋಡಿನಲ್ಲಿ ತೂಗುಹಾಕಿ. ಪೆಟ್ಟಿಗೆಯಲ್ಲಿ ಲೆನ್ಸಿನ ಹಿಂಬದಿಯ ಮುಚ್ಚಳ ಸ್ವಲ್ಪ ಸಡಿಲವಿರಲಿ, ಒಳಗಿನ ಗಾಳಿಯೂ ಒಣಗಬೇಕಲ್ಲ.

ತಿಂಗಳಿಗೊಮ್ಮೆ ತಪಾಸಣೆ. ಕೋಣೆ ಕತ್ತಲು ಮಾಡಿ, ಲೆನ್ಸಿನ ಹಿಂದಿನಿಂದ ಟಾರ್ಚನ್ನು ಓರೆಯಾಗಿ ಬಿಟ್ಟು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ) ಪೂರ್ತಿ ತೆರೆದು ಮುಂದಿನಿಂದ ನೋಡಿ. ಚುಕ್ಕಿ ಚುಕ್ಕಿ ಕಂಡರೆ ಧೂಳು, ಚಿಂತೆಯಿಲ್ಲ. ಹಾಲುಬೆರೆತಂತೆ ಮಬ್ಬು ಕಂಡರೆ ಗ್ರೀಸಿನ ಆವಿ ಇರಬಹುದು. ಅಂಚಿನಿಂದ ನಡುವಿಗೆ ಜೇಡರ ಬಲೆಯಂತೆ, ಬೇರಿನಂತೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಹೊರಗಾಜಿನ ಮೇಲಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಬಟ್ಟೆಗೆ ಹಾಕಿ (ಗಾಜಿಗಲ್ಲ) ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ಒಳಗಿದ್ದರೆ ಬಿಚ್ಚಲು ಹೋಗಬೇಡಿ, ಮತ್ತೆ ಜೋಡಿಸುವಾಗ ಗಾಜುಗಳ ನಡುಬಿಂದು ಒಂದೇ ಗೆರೆಗೆ ಕೂರುವುದಿಲ್ಲ, ರಿಪೇರಿಯವರಿಗೆ ಕೊಡಿ. ಬಿಸಿಲಿಗೆ ಒಡ್ಡಿದರೆ ಬೆಳವಣಿಗೆ ನಿಧಾನವಾಗಬಹುದು, ಆಗಿರುವ ಎಳೆ ಹೋಗುವುದಿಲ್ಲ. ಬೂಷ್ಟು ಸ್ರವಿಸುವ ಆಮ್ಲ ಗಾಜಿನ ಲೇಪವನ್ನು ಒಮ್ಮೆ ತಿಂದರೆ, ಒರೆಸಿದ ಮೇಲೂ ಅದರ ರಂಗೋಲಿ ಹಾಗೇ ಉಳಿಯುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18–55ರಂಥ ಕಿಟ್ ಲೆನ್ಸಾದರೆ ರಿಪೇರಿಯ ದುಡ್ಡಿನಲ್ಲಿ ಹಳೆಯದೊಂದು ಒಳ್ಳೆಯದೇ ಸಿಗುತ್ತದೆ. ಕೆಟ್ಟ ಲೆನ್ಸಿನಿಂದ ಪಕ್ಕದ್ದಕ್ಕೆ ಹಾರುತ್ತದೆಂದು ಬೆದರಬೇಕಿಲ್ಲ, ಅದರ ಬೀಜಕಣಗಳು ಹೇಗೂ ಗಾಳಿಯಲ್ಲೆಲ್ಲ ಇವೆ. ಆದರೂ ಶುಚಿ ಮಾಡುವತನಕ ನಾನು ಅದನ್ನು ಬೇರೆ ಡಬ್ಬಿಯಲ್ಲೇ ಇಡುತ್ತೇನೆ.

ಅಕ್ಟೋಬರ್ ಕೊನೆಗೆ ಕೋಣೆಯ ತೇವಾಂಶವೇ ಹಗಲಲ್ಲಿ 60ರ ಕೆಳಗೆ ಬಂದಾಗ ಪೆಟ್ಟಿಗೆಯಲ್ಲಿ ಒಂದೇ ಪೊಟ್ಟಣ ಸಾಕು. ಚಳಿಗಾಲಕ್ಕೆ ಸಿವ್ರಿಯ ಕೆಸರಿಗೆ ರಾಜಹಂಸಗಳು (ಫ್ಲೆಮಿಂಗೊ) ಇಳಿಯುವ ಹೊತ್ತಿಗೆ ಬೈನಾಕ್ಯುಲರನ್ನೂ ಟಾರ್ಚಿನಲ್ಲಿ ಒಮ್ಮೆ ನೋಡಿಕೊಳ್ಳಿ. ಅದರ ಪಟ್ಟಕಗಳಿಗೂ ಬೂಷ್ಟು ಹಿಡಿಯುತ್ತದೆ.