ಅಡಿಕೆ ಅಂಗಡಿಯ ಲೆಕ್ಕಕ್ಕೆ ಸಿ ಪ್ರೋಗ್ರಾಂ: ಟರ್ಮಿನಲ್‌ನಲ್ಲಿ ಕೀ ಓದಿದ ಅನುಭವ

ಕಾಸರಗೋಡಿನ ಬದಿಯಡ್ಕದಲ್ಲಿ ಮಾವನದು ಅಡಿಕೆ ಅಂಗಡಿ. ಅಲ್ಲಿಯ ಲಿನಕ್ಸ್ ಕಂಪ್ಯೂಟರಿಗೆ ತೂಕದ ಲೆಕ್ಕ ಬರೆದಿಡುವ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದುಕೊಟ್ಟೆ. ತೂಗುವಾಗ ಒಂದು ಕೈ ಗೋಣಿಯ ಬಾಯಿ ಹಿಡಿದಿರುತ್ತದೆ. ಹಾಗಾಗಿ ಅಡಿಕೆಯ ದರ್ಜೆಗಳಲ್ಲಿ ಹೊಸತಿಗೆ 1, ಹಳತಿಗೆ 2, ಪಟೋರಕ್ಕೆ 3, ಕರಿಗೋಟಿಗೆ 4 ಎಂದು ಒಂದೇ ಕೀ ಒತ್ತಿದರೆ ಸಾಕಾಗಬೇಕು, ಎಂಟರ್ ಬೇಡ ಎಂದರು ಮಾವ.

ಒಂದು ಅಕ್ಷರ ಓದುವ ಸಿ ಫಂಕ್ಷನ್ ಗೆಟ್‌ಚಾರ್; ಬರಿಯ ಅದರಿಂದ ಇದು ಆಗುವುದಿಲ್ಲ. ಸಾಲು ಮುಗಿಯುವ ತನಕ ಅಕ್ಷರಗಳನ್ನು ಹಿಡಿದಿಟ್ಟುಕೊಳ್ಳುವುದು ಕರ್ನೆಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಟರ್ಮಿನಲ್ ಡ್ರೈವರ್ (ಟರ್ಮಿನಲ್ ಎಂದರೆ ಬರಿಯ ಅಕ್ಷರಗಳ ಪರದೆ). ಸಿ ಲೈಬ್ರರಿಯ ಬಫರ್ ತೆಗೆದರೂ ಅದು ಬಿಡುವುದಿಲ್ಲ. ಟರ್ಮಿನಲ್‌ನ ಸೆಟ್ಟಿಂಗ್ ಬದಲಿಸುವ ಟರ್ಮಿಯೋಸ್ ಮೂಲಕ ಹಳೆಯ ಸೆಟ್ಟಿಂಗ್ ಓದಿ ಇಟ್ಟುಕೊಂಡು, ಐಕ್ಯಾನನ್ (ಸಾಲು ಮುಗಿಯುವ ತನಕ ಕಾಯುವುದು) ಮತ್ತು ಎಕೋ (ಒತ್ತಿದ್ದನ್ನು ಪರದೆಯಲ್ಲಿ ತೋರಿಸುವುದು) ಬಿಟ್‌ಗಳನ್ನು ಆಫ್ ಮಾಡಿದೆ. ವಿಮಿನ್ (ಕನಿಷ್ಠ ಎಷ್ಟು ಬೈಟ್ ಬರಬೇಕು) 1, ವಿಟೈಮ್ (ಕಾಯುವ ಸಮಯದ ಮಿತಿ) 0, ಅಂದರೆ ಮಿತಿಯಿಲ್ಲ. ಇನ್ನು ರೀಡ್ ಕರೆದರೆ ಒತ್ತಿದ ಕೂಡಲೇ ಬೈಟ್ (0ಯಿಂದ 255ರ ಒಳಗಿನ ಒಂದು ಸಂಖ್ಯೆ) ಕೈಗೆ ಬರುತ್ತದೆ. ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂಗೆ ನಿಲ್ಲುವ ಸಿಗ್ನಲ್ ಕಳಿಸುವ ಐಸಿಗ್ ಬಿಟ್ ಅನ್ನು ಮುಟ್ಟಲಿಲ್ಲ, ಅದು ಬೇಕೇ ಬೇಕು. ಆದರೆ ಸಿಗ್ನಲ್‌ನಿಂದ ಪ್ರೋಗ್ರಾಂ ಸತ್ತರೆ ಮುಗಿಯುವಾಗ ಓಡಲೆಂದು ಅಟ್‌ಎಕ್ಸಿಟ್‌ಗೆ ಕೊಟ್ಟ ಫಂಕ್ಷನ್ ಓಡುವುದಿಲ್ಲ. ಟರ್ಮಿನಲ್ ಎಕೋ ಇಲ್ಲದೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಸಿಗ್ನಲ್ ಬಂದಾಗ ಓಡುವ ಹ್ಯಾಂಡ್ಲರ್‌ನಲ್ಲಿ ಒಂದು ಗುರುತು ಮಾತ್ರ ಹಾಕಿ, ಮುಖ್ಯ ಲೂಪ್‌ನಿಂದಲೇ ಹೊರಬಂದು ಹಳೆಯ ಸೆಟ್ಟಿಂಗ್ ಮರಳಿಸುತ್ತೇನೆ.

ಬಾಣದ ಕೀಗಳು ಮೂರು ಬೈಟ್: ಮೇಲಿನದಕ್ಕೆ 27, 91, 65. ಎಸ್ಕೇಪ್ ಕೀಗೂ 27 ಇರುವುದರಿಂದ, 27 ಬಂದ ಮೇಲೆ, ಇನ್ನೇನಾದರೂ ಬರುತ್ತದೆಯೇ ಎಂದು ನೋಡುವ ಪೋಲ್ ಮೂಲಕ 50 ಮಿಲಿಸೆಕೆಂಡ್ ಕಾಯುವುದು. ಏನೂ ಬಾರದಿದ್ದರೆ ಅದು ಎಸ್ಕೇಪ್.

ನನಗೆ ನಿಜವಾಗಿ ಇಷ್ಟವಾದ ಕೆಲಸ ಹೆಸರಿನದು. ಅಡಿಕೆ ತರುವವರಲ್ಲಿ ಕೆಲವರು ಕನ್ನಡದವರು, ಕೆಲವರು ಮಲಯಾಳದವರು. ಅವರವರ ಹೆಸರು ಅವರವರ ಲಿಪಿಯಲ್ಲೇ ಇರಬೇಕೆಂದು ಮಾವನಿಗೂ ಹಠ, ನನಗೂ. ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಎರಡೂ ಲಿಪಿಯ ಒಂದೊಂದು ಸಂಕೇತಕ್ಕೆ (ಮೂಲಾಕ್ಷರ, ಕೊಂಬು, ದೀರ್ಘ ಇತ್ಯಾದಿ ಒಂದೊಂದೂ ಬೇರೆ ಸಂಕೇತ) ಮೂರು ಬೈಟ್, ಎರಡಕ್ಕೂ ಮೊದಲನೆಯದು 224. ಎರಡನೆಯದು 178 ಅಥವಾ 179 ಆದರೆ ಕನ್ನಡ, 180 ಅಥವಾ 181 ಆದರೆ ಮಲಯಾಳ. ಓದಿದ್ದನ್ನು ಋಣ ಸಂಖ್ಯೆ ಇಲ್ಲದ ಅನ್‌ಸೈನ್ಡ್ ಚಾರ್‌ನಲ್ಲೇ ಇಡಬೇಕು. ಇಂಟೆಲ್ ಯಂತ್ರಗಳಲ್ಲಿ ಸಾದಾ ಚಾರ್‌ಗೆ 224 ಕಾಣುವುದು -32 ಆಗಿ. ಒಂದು ರೀಡ್‌ಗೆ ಮೂರೂ ಬೈಟ್ ಬರುತ್ತವೆಂಬ ಭರವಸೆಯೂ ಇಲ್ಲ, ಮೂರು ಕೂಡುವ ತನಕ ಕಾಯಬೇಕು.

ಐಕ್ಯಾನನ್ ಆಫ್ ಮಾಡಿದ ಮೇಲೆ ಬ್ಯಾಕ್‌ಸ್ಪೇಸ್ ನಮ್ಮದೇ ಜವಾಬ್ದಾರಿ. ಅದು 127 ಆಗಿ ಬರುತ್ತದೆ. ‘ನೀರ್ಚಾಲು’ ಕಣ್ಣಿಗೆ ಮೂರು ಅಕ್ಷರ, ಒಳಗೆ ಎಂಟು ಸಂಕೇತ, 24 ಬೈಟ್. ಒಂದೊಂದೇ ಬೈಟ್ ಅಳಿಸಿದರೆ ಪರದೆಯಲ್ಲಿ ಕಸ ಉಳಿಯುತ್ತದೆ. ಅದಕ್ಕೆ 128ರಿಂದ 191ರ ಒಳಗಿನ ಬೈಟ್‌ಗಳನ್ನು ಹಿಂದಿನಿಂದ ತೆಗೆಯುತ್ತಾ ಹೋಗಿ, 224 ಸಿಕ್ಕಿದಾಗ ಅದನ್ನೂ ತೆಗೆದು ನಿಲ್ಲುತ್ತೇನೆ. ‘ಲು’ ಹೋಗಿ ‘ಲ’ ಉಳಿಯುತ್ತದೆ. ಇಡೀ ಅಕ್ಷರವನ್ನೇ ಒಮ್ಮೆಗೆ ಅಳಿಸಬಹುದಿತ್ತು, ಆದರೆ ಟೈಪ್ ಮಾಡುವಾಗ ಹೆಚ್ಚಾಗಿ ತಪ್ಪುವುದು ಕೊಂಬು, ದೀರ್ಘಗಳೇ.

ಒತ್ತಕ್ಷರಕ್ಕೆ ಪರದೆಯಲ್ಲಿ ಎಷ್ಟು ಕಾಲಂ (ಅಕ್ಷರದ ಜಾಗ) ಎಂಬುದರಲ್ಲಿ ಒಂದು ಟರ್ಮಿನಲ್‌ಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ಆದ್ದರಿಂದ ಪ್ರತಿ ಸಲ ಇಡೀ ಸಾಲನ್ನು ಅಳಿಸಿ ಹೊಸತಾಗಿ ಬರೆಯುತ್ತೇನೆ. ತೂಕ, ದರ ಎಡಕ್ಕೆ; ಹೆಸರು ಸಾಲಿನ ಕೊನೆಗೆ, ಅದರ ಬಲಕ್ಕೆ ಏನೂ ಇಲ್ಲ.