ಸೈಕಲ್‌ನ ಎಣ್ಣೆ ಬ್ರೇಕಿನಿಂದ ಗಾಳಿ ತೆಗೆಯುವುದು

ದೊಡ್ಡಬಾತಿ ಕಡೆಯ ರಸ್ತೆಯಲ್ಲಿ ಸುಗ್ಗಿಯ ದಿನಗಳಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ. ಉಳಿದ ಅರ್ಧದಲ್ಲಿ ಬಸ್ಸು, ಟ್ರ್ಯಾಕ್ಟರು, ಎಮ್ಮೆ, ನಾವು. ಕಳೆದ ಸುಗ್ಗಿಯಲ್ಲಿ ಅಲ್ಲಿ ಒಂದು ಎಮ್ಮೆ ಅಡ್ಡ ಬಂದಾಗ ಹಿಂದಿನ ಬ್ರೇಕ್ ಒತ್ತಿದೆ. ಲಿವರ್ ಹಸಿ ಹಿಟ್ಟನ್ನು ಒತ್ತಿದಂತೆ ಮೆತ್ತಗೆ ಒಳಗೆ ಹೋಗಿ ಹ್ಯಾಂಡಲ್‌ಗೆ ತಾಗಿತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಮುಂದಿನ ಬ್ರೇಕ್ ಗಟ್ಟಿಯಾಗಿತ್ತು, ಅದರಿಂದ ಉಳಿದೆ. ಆ ಸಂಜೆಯೇ ಹಿಂದಿನ ಬ್ರೇಕನ್ನು ಬಿಚ್ಚಿ ಕೂತೆ. ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಅಣ್ಣ ಜರ್ಮನಿಯ ಕೆಲಸ ಮುಗಿಸಿ ಬರುವಾಗ ತಂದ ಸೈಕಲ್ಲಿನಲ್ಲಿ ಡ್ಯೂಟಿಗೆ ಹೋಗುತ್ತೇನೆ. ಅದಕ್ಕಿರುವುದು ಮಗುರಾ ಎಚ್‌ಎಸ್ 33 ಬ್ರೇಕ್. ಡಿಸ್ಕ್ ಅಲ್ಲ, ನಮ್ಮ ಹಳೆಯ ಸೈಕಲ್‌ಗಳ ಹಾಗೆ ರಬ್ಬರ್ ಬಂದು ರಿಮ್ಮನ್ನೇ ಹಿಡಿಯುತ್ತದೆ. ಆದರೆ ಎಳೆಯುವುದಕ್ಕೆ ತಂತಿ ಇಲ್ಲ, ಕೊಳವೆಯೊಳಗಿನ ಎಣ್ಣೆ ತಳ್ಳುತ್ತದೆ. ಈ ಬಗೆಯ ಬ್ರೇಕನ್ನು ಆ ಕಂಪನಿ 1987ರಿಂದ ಮಾಡುತ್ತಿದೆ. ನಮ್ಮ ಊರಿನ ಸೈಕಲ್ ಶಾಪ್‌ಗಳಲ್ಲಿ ಇದನ್ನು ಕಂಡವರು ಕಡಿಮೆ, ಹಾಗಾಗಿ ಕೆಲಸ ನಮ್ಮ ಕೈಗೇ ಬರುತ್ತದೆ.

ಲಿವರ್ ಮೆತ್ತಗಾಯಿತೆಂದು ಕಂಡ ಕೂಡಲೇ ಎಣ್ಣೆಯ ತಿರುಪಿಗೆ ಕೈ ಹಾಕಬೇಡಿ. ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವುದಿಲ್ಲವಲ್ಲ, ಹಾಗೆ. ಮೊದಲು ಲಿವರ್ ನಿಧಾನವಾಗಿ ಒತ್ತುತ್ತ ರಬ್ಬರ್‌ಗಳನ್ನೇ ನೋಡಿ. ಲಿವರ್ ಬಹಳ ದೂರ ಬಂದು, ರಬ್ಬರ್ ರಿಮ್ಮಿಗೆ ತಾಗಿದ ಕ್ಷಣ ಕಲ್ಲಿನಂತೆ ನಿಂತರೆ ಒಳಗೆ ಗಾಳಿಯಿಲ್ಲ, ರಬ್ಬರ್ ಸವೆದಿದೆ ಅಷ್ಟೆ. ಈ ಬ್ರೇಕಿನಲ್ಲಿ ಎಣ್ಣೆಯ ಡಬ್ಬಿ ಇಲ್ಲ, ಇರುವುದೆಲ್ಲ ಮುಚ್ಚಿದ ಕೊಳವೆ. ಆದ್ದರಿಂದ ರಬ್ಬರ್ ಸವೆದಷ್ಟನ್ನು ಅದು ತಾನಾಗಿ ಸರಿದೂಗಿಸಿಕೊಳ್ಳುವುದಿಲ್ಲ. ಲಿವರ್‌ನಲ್ಲಿರುವ ಕೆಂಪು ಗುಂಡಿಯನ್ನು ಒಳಕ್ಕೆ ತಿರುಗಿಸಿ ನಾವೇ ರಬ್ಬರನ್ನು ಹತ್ತಿರ ತರಬೇಕು. ಗುಂಡಿಯೂ ಕೊನೆ ಮುಟ್ಟಿದ್ದರೆ ಹೊಸ ರಬ್ಬರ್ ಹಾಕಿ. ರಬ್ಬರ್ ತಾಗಿದ ಮೇಲೂ ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತಲೇ ಇದ್ದರೆ ಆಗ ಎಣ್ಣೆಯೊಳಗೆ ಸೇರಿ, ಒತ್ತಿದಾಗ ಕುಗ್ಗುವ ಗಾಳಿಯನ್ನು ಅನುಮಾನಿಸಿ.

ಆಗಲೂ ಒಮ್ಮೆ ಸೈಕಲ್ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬೇರೆಯವರಿಂದ ಲಿವರ್ ಒತ್ತಿಸಿ ನೋಡಿ. ಚಕ್ರದ ಎರಡೂ ಬದಿಯ ಫ್ರೇಮ್ ಕಡ್ಡಿಗಳು ಹೊರಕ್ಕೆ ಬಾಗುತ್ತಿದ್ದರೆ ಅಥವಾ ಸಿಲಿಂಡರ್ (ರಿಮ್ಮಿನ ಎರಡೂ ಬದಿಗಿರುವ, ಎಣ್ಣೆಯ ಬಲದಿಂದ ರಬ್ಬರನ್ನು ತಳ್ಳುವ ಪುಟ್ಟ ಉರುಳೆ) ಹಿಡಿದಿರುವ ಬೋಲ್ಟ್ ಸಡಿಲವಾಗಿ ಸಿಲಿಂಡರೇ ತಿರುಚುತ್ತಿದ್ದರೆ, ನಿಮ್ಮ ಕೈಯ ಬಲ ಅಲ್ಲಿಯೇ ಕರಗಿ ಗಾಳಿಯಿದ್ದ ಹಾಗೆಯೇ ಅನ್ನಿಸುತ್ತದೆ. ಬೋಲ್ಟ್ ಬಿಗಿ ಮಾಡಿ. ಫ್ರೇಮ್ ಬಾಗುವುದಕ್ಕೆ ಕುದುರೆ ಲಾಳದ ಆಕಾರದ ಒಂದು ಪಟ್ಟಿ ಸಿಗುತ್ತದೆ, ಅದನ್ನು ಸಿಲಿಂಡರ್‌ಗಳ ಮೇಲೆ ಕೂಡಿಸುತ್ತಾರೆ.

ಬೇಸಿಗೆಯ ಇನ್ನೊಂದು ಕಾಟವಿದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್ ತೆಗೆದರೆ ಚಕ್ರ ಭಾರವಾಗಿ ಉಜ್ಜುತ್ತದೆ, ರಾತ್ರಿ ಡ್ಯೂಟಿಯ ಹೊತ್ತಿಗೆ ಸರಿಯಾಗಿರುತ್ತದೆ. ಮುಚ್ಚಿದ ಕೊಳವೆಯ ಎಣ್ಣೆ ಬಿಸಿಗೆ ಹಿಗ್ಗಿ, ಹೋಗಲು ಬೇರೆ ಜಾಗವಿಲ್ಲದೆ ರಬ್ಬರನ್ನು ಮುಂದಕ್ಕೆ ತಳ್ಳುತ್ತದೆ. ಇದು ದೋಷವಲ್ಲ. ಕೆಂಪು ಗುಂಡಿಯನ್ನು ಒಂದು ಸುತ್ತು ಹೊರಕ್ಕೆ ಬಿಡಿ, ನೆರಳಿನಲ್ಲಿ ನಿಲ್ಲಿಸಿ.

ರಬ್ಬರನ್ನು ಹಿಡಿದು ಜಗ್ಗಿದರೆ ಪಿಸ್ಟನ್ನಿನಿಂದ ಟಪ್ಪೆಂದು ಕಳಚಿಕೊಳ್ಳುತ್ತದೆ. ಅದನ್ನು ಬೆಳಕಿಗೆ ಹಿಡಿಯಿರಿ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಿನ ರಸ್ತೆಗಳಲ್ಲಿ ಓಡಿಸಿದ ಸೈಕಲ್ ಆದರೆ ರಬ್ಬರ್ ಮೈಯಲ್ಲಿ ಕಡುಗಪ್ಪು ಮೆತ್ತೆ ಇರುತ್ತದೆ. ಅದನ್ನು ಒರೆಸಿದ ಮೇಲೆ ಅಲ್ಲಲ್ಲಿ ಮೀನಿನ ಪೊರೆಯಂತೆ ಸಣ್ಣ ಚುಕ್ಕೆಗಳು ಮಿನುಗುತ್ತವೆ. ಅವು ಮರಳಿನ ಕಣ ಕೆರೆದು ಕಿತ್ತ ರಿಮ್ಮಿನ ಅಲ್ಯೂಮಿನಿಯಂ ಚೂರುಗಳು. ಹೊಸ ಸೂಜಿಯಿಂದ ಒಂದೊಂದನ್ನೇ ಎಬ್ಬಿಸಿ ತೆಗೆಯಿರಿ. ಬಿಟ್ಟರೆ ಅವೇ ಮತ್ತೆ ರಿಮ್ಮನ್ನು ಕೆರೆಯುತ್ತವೆ.

ಗಾಳಿ ಸೇರಿದೆಯೆಂದರೆ ಎಲ್ಲೋ ದಾರಿ ಇದೆ ಎಂದರ್ಥ. ಆ ದಾರಿ ಹುಡುಕಲು ನಾನು ವಾರ್ಡಿನ ಬುದ್ಧಿಯನ್ನೇ ಬಳಸುತ್ತೇನೆ. ಕೊಳವೆ ಸೇರುವ ಪ್ರತಿಯೊಂದು ನಟ್ಟಿಗೂ ಬಿಳಿ ಗಾಜ್ ಬಟ್ಟೆಯ ಚೂರು ಸುತ್ತಿ, ಲಿವರನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ರಾತ್ರಿಯಿಡೀ ಬಿಡುತ್ತೇನೆ. ಕಂಪನಿಯ ಎಣ್ಣೆ ನೀಲಿ. ಬೆಳಗ್ಗೆ ಯಾವ ಬಟ್ಟೆಗೆ ನೀಲಿ ಕಲೆ ಹತ್ತಿದೆಯೋ ಅಲ್ಲಿ ಸೋರುತ್ತಿದೆ. ನನ್ನ ಸೈಕಲ್ಲಿನಲ್ಲಿ ಅದು ಲಿವರ್ ಹತ್ತಿರದ ನಟ್. ಎಂಟರ ಸ್ಪ್ಯಾನರ್‌ನಿಂದ ಸ್ವಲ್ಪ ಬಿಗಿ ಮಾಡಿದ ಮೇಲೆ ನಿಂತಿತು. ಸೋರಿಕೆ ನಿಲ್ಲಿಸದೆ ಗಾಳಿ ತೆಗೆದರೆ ಮುಂದಿನ ವಾರ ಮತ್ತೆ ಅದೇ ಕೆಲಸ ಕಾದಿರುತ್ತದೆ.

ಎಣ್ಣೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಒಪ್ಪುವುದಿಲ್ಲ. ಮೊದಲ ವರ್ಷ ಮುಂದಿನ ಬ್ರೇಕನ್ನು ಒಂದು ಬೈಕ್ ಗ್ಯಾರೇಜಿಗೆ ಕೊಟ್ಟಿದ್ದೆ. "ಸಿಸ್ಟರ್, ಬ್ರೇಕ್ ಆಯಿಲ್ ಎಂದರೆ ಎಲ್ಲ ಒಂದೇ, ಹಾಕಿಕೊಡುತ್ತೇನೆ" ಎಂದು ಆತ ಮೋಟಾರ್‌ಬೈಕಿಗೆ ಹಾಕುವ ಡಾಟ್ ಎಣ್ಣೆ ತುಂಬಿದ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಒಳಗಿನ ಸೀಲುಗಳು ಉಬ್ಬಿ, ಒತ್ತಿದ ಪಿಸ್ಟನ್ ಹಿಂದಕ್ಕೆ ಬರುವುದನ್ನೇ ಬಿಟ್ಟಿತು. ಸಿಲಿಂಡರ್ ಎರಡನ್ನೂ ಬದಲಾಯಿಸಬೇಕಾಯಿತು. ಈ ಬ್ರೇಕಿಗೆ ಖನಿಜ ಎಣ್ಣೆಯೇ ಬೇಕು. ಮಗುರಾದ ರಾಯಲ್ ಬ್ಲಡ್ ಎಂಬ ಬಾಟಲಿಯನ್ನು ತರಿಸಿಕೊಳ್ಳಿ. ಹೊಲಿಗೆ ಯಂತ್ರದ ಎಣ್ಣೆ, ಅಡುಗೆ ಎಣ್ಣೆ, ಯಾವುದನ್ನೂ ಪ್ರಯೋಗಿಸಬೇಡಿ.

ಜೊತೆಗೆ ಥ್ರೆಡ್ ಇರುವ ಚಿಕ್ಕ ನಿಪ್ಪಲ್ ಮತ್ತು ಪಾರದರ್ಶಕ ಕೊಳವೆಯ ಕಿಟ್ ಬೇಕು. ಸಿರಿಂಜು ಮಾತ್ರ ಮೆಡಿಕಲ್ ಶಾಪ್‌ನಲ್ಲಿ ಸಿಗುವ 20 ಎಂ.ಎಲ್.ನದು ಸಾಕು, ಎರಡು ತನ್ನಿ. ಹೊಸದೇ ಆಗಿರಲಿ, ಸೂಜಿ ಬೇಡ. ಆಸ್ಪತ್ರೆಯಲ್ಲಿ ಬಳಸಿದ ಸಿರಿಂಜನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಸಿರಿಂಜಿನೊಳಗಿನ ಕಪ್ಪು ರಬ್ಬರ್ ಈ ಎಣ್ಣೆಗೆ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಒಂದು ಕೆಲಸಕ್ಕೆ ಒಂದು ಜೊತೆ.

ಚಕ್ರ ಕಳಚಿ ದೂರ ಇಡಿ. ರಬ್ಬರ್‌ಗಳನ್ನೂ ತೆಗೆದಿಡಿ, ಅವಕ್ಕೆ ಎಣ್ಣೆ ತಾಗಬಾರದು. ಕೆಂಪು ಗುಂಡಿಯನ್ನು ಪೂರ್ತಿ ಹೊರಕ್ಕೆ ತಿರುಗಿಸಿ, ಎರಡೂ ಪಿಸ್ಟನ್ನುಗಳನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಕೂರಿಸಿ. ಇದನ್ನು ಮರೆತರೆ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ತುಂಬಿ, ಕಡೆಗೆ ಚಕ್ರ ತಿರುಗದಷ್ಟು ರಬ್ಬರ್ ಮುಂದೆ ಬಂದಿರುತ್ತದೆ. ಹಿಂದಿನ ಬ್ರೇಕಿನ ಕೊಳವೆ ಉದ್ದ, ಫ್ರೇಮಿನ ಮೇಲಿನ ಕಂಬಿಯುದ್ದಕ್ಕೂ ಮಲಗಿರುತ್ತದೆ, ಗುಳ್ಳೆಗಳು ಅಲ್ಲಿಯೇ ಮನೆ ಮಾಡುತ್ತವೆ. ನಾನು ಸೈಕಲ್‌ನ ಮುಂಭಾಗವನ್ನು ಹಗ್ಗದಿಂದ ಅಡುಗೆ ಮನೆಯ ಕಿಟಕಿ ಸರಳಿಗೆ ಎತ್ತಿ ಕಟ್ಟುತ್ತೇನೆ. ಲಿವರಿನ ಬೋಲ್ಟ್ ಸಡಿಲಿಸಿ, ಅದರ ಎಣ್ಣೆ ತಿರುಪು ಎಲ್ಲಕ್ಕಿಂತ ಎತ್ತರದಲ್ಲಿ ಬರುವಂತೆ ಓರೆ ಮಾಡಿ.

ಡ್ರಿಪ್ಪಿನಲ್ಲಿ ದ್ರವ ಮೇಲಿನಿಂದ ಕೆಳಗಿಳಿಯುತ್ತದೆ. ಇಲ್ಲಿ ಕೆಳಗಿನಿಂದ ಮೇಲೆ ತಳ್ಳಬೇಕು, ಏಕೆಂದರೆ ಗಾಳಿಗೆ ಮೇಲೇರುವುದೇ ಸ್ವಭಾವ, ಅದರ ಜೊತೆಗೇ ಹೋಗೋಣ. ಲಿವರಿನಿಂದ ಬಂದ ಕೊಳವೆ ಒಂದು ಸಿಲಿಂಡರ್ ಸೇರುತ್ತದೆ. ಅಲ್ಲಿಂದ ಸಣ್ಣ ಕೊಳವೆಯೊಂದು ಎದುರಿನ ಸಿಲಿಂಡರಿಗೆ ಹೋಗುತ್ತದೆ. ಎಣ್ಣೆ ತುಂಬುವ ತಿರುಪು ಆ ಎದುರಿನದರಲ್ಲಿ, ಅಂದರೆ ದಾರಿಯ ತುತ್ತತುದಿಯಲ್ಲಿದೆ. ಸಿರಿಂಜಿಗೆ ಎಣ್ಣೆ ಎಳೆದು, ಮೂತಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ, ಅದರ ಮತ್ತು ಕೊಳವೆಯ ಗಾಳಿಯನ್ನು ಮೊದಲೇ ಹೊರಹಾಕಿ. ತಿರುಪು ತೆಗೆದು ನಿಪ್ಪಲ್ ಕೂರಿಸಿ. ಮೇಲೆ ಲಿವರಿನ ತಿರುಪು ತೆಗೆದು, ಅಲ್ಲಿಗೆ ದಂಡವಿಲ್ಲದ ಇನ್ನೊಂದು ಸಿರಿಂಜನ್ನು ಬಟ್ಟಲಿನಂತೆ ನಿಲ್ಲಿಸಿ.

ಈಗ ನಿಧಾನವಾಗಿ ತಳ್ಳಿ. ಮೇಲಿನ ಬಟ್ಟಲಿನಲ್ಲಿ ಮೊದಲು ಮಾಸಲು ಎಣ್ಣೆ, ಅದರೊಡನೆ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಗಳು, ಆಮೇಲೆ ಸಾಸಿವೆಯಂಥವು, ಕೊನೆಗೆ ಬರೀ ತಿಳಿ ನೀಲಿ ಬರುತ್ತದೆ. ಅಲ್ಲಿಗೆ ಮುಗಿಯಿತೆಂದು ನಂಬಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲಿಂಡರುಗಳನ್ನೂ ಕೊಳವೆಯ ಉದ್ದವನ್ನೂ ಟಕಟಕ ಬಡಿಯುತ್ತ ಬನ್ನಿ. ಸ್ವಲ್ಪ ಹಿಂದಕ್ಕೆ ಎಳೆಯಿರಿ, ಮತ್ತೆ ತಳ್ಳಿ. ಗೋಡೆಗೆ ಅಂಟಿಕೊಂಡಿದ್ದ ಗುಳ್ಳೆ ಈ ಹಿಂದು ಮುಂದಿನ ಓಡಾಟದಲ್ಲಿಯೇ ಬಿಡಿಸಿಕೊಳ್ಳುವುದು. ಬಟ್ಟಲು ಎಂದೂ ಬರಿದಾಗದಿರಲಿ, ಬರಿದಾದರೆ ಮೇಲಿನಿಂದಲೇ ಗಾಳಿ ಒಳಗಿಳಿಯುತ್ತದೆ. ಹಿಂದಕ್ಕೆ ಎಳೆದಾಗ ಎಳೆನೀರಿನ ನೊರೆಯಂಥ ಸಣ್ಣ ಗುಳ್ಳೆಗಳು ಎಷ್ಟು ಹೊತ್ತಾದರೂ ಮುಗಿಯದೆ ಬರುತ್ತಿದ್ದರೆ ಅವು ಬ್ರೇಕಿನೊಳಗಿನವಲ್ಲ. ನಿಪ್ಪಲಿನ ಥ್ರೆಡ್ ಸಂದಿನಿಂದ ಹೊರಗಿನ ಗಾಳಿ ನುಸುಳುತ್ತಿದೆ. ನಿಪ್ಪಲ್ ಬಿಗಿ ಮಾಡಿ, ಜೋರಾಗಿ ಎಳೆಯುವುದನ್ನು ಬಿಡಿ. ಮೊದಲ ಸಲ ಇದು ತಿಳಿಯದೆ ನಾನು ಒಂದೂವರೆ ಗಂಟೆ ಕೂತಿದ್ದೆ.

ಮುಚ್ಚುವಾಗ ಮೇಲಿನದು ಮೊದಲು. ಬಟ್ಟಲು ತೆಗೆದು, ತೂತಿನ ಬಾಯಿವರೆಗೂ ಎಣ್ಣೆ ತುಂಬಿರುವಾಗಲೇ ತಿರುಪು ಹಾಕಿ. ಮೇಲಿನ ಬಾಯಿ ಮುಚ್ಚಿದ್ದರೆ, ಬೆರಳಿಟ್ಟು ಮುಚ್ಚಿದ ಸ್ಟ್ರಾದಿಂದ ಎಳೆನೀರು ಇಳಿಯದ ಹಾಗೆ, ಕೆಳಗಿನದನ್ನು ಬಿಚ್ಚಿದರೂ ಎಣ್ಣೆ ಸುರಿಯುವುದಿಲ್ಲ. ನಿಪ್ಪಲ್ ತೆಗೆದು ಬೇಗ ತಿರುಪು ಹಾಕಿ. ಎರಡನ್ನೂ ಹದವಾಗಿ ಬಿಗಿ ಮಾಡಿ, ಸಣ್ಣ ತಿರುಪುಗಳ ಥ್ರೆಡ್ ಬಲವಂತಕ್ಕೆ ಕಿತ್ತುಹೋಗುತ್ತದೆ. ಚೆಲ್ಲಿದ ಎಣ್ಣೆಯನ್ನು ಒರೆಸಿ, ಫ್ರೇಮು, ಸಿಲಿಂಡರ್, ಕೊನೆಗೆ ರಿಮ್ಮನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಸ್ವಚ್ಛ ಬಟ್ಟೆಯಿಂದ ಒರೆಸಿ. ಒಂದೇ ಬಟ್ಟೆಯಿಂದ ಎಲ್ಲವನ್ನೂ ಒರೆಸಿದರೆ ಎಣ್ಣೆಯನ್ನು ನೀವೇ ರಿಮ್ಮಿಗೆ ಸವರಿದಂತೆ.

ರಬ್ಬರ್ ಹಾಕಿ, ಚಕ್ರ ಕೂರಿಸಿ. ರಬ್ಬರಿಗೂ ರಿಮ್ಮಿಗೂ ನಡುವೆ ಎರಡು ಮಿಲಿಮೀಟರ್ ಬಿಡುವಂತೆ ಸಿಲಿಂಡರನ್ನು ಅದರ ಹಿಡಿಯಲ್ಲಿ ಹಿಂದೆ ಮುಂದೆ ಸರಿಸಿ ಬೋಲ್ಟ್ ಬಿಗಿ ಮಾಡಿ. ರಬ್ಬರಿನ ಮೇಲಂಚು ಟೈರಿಗೆ ಕೂದಲೆಳೆಯಷ್ಟೂ ತಾಗಬಾರದು, ತಾಗಿದರೆ ಟೈರನ್ನು ಕೊಯ್ದುಬಿಡುತ್ತದೆ. ಲಿವರ್ ಈಗ ಸ್ವಲ್ಪ ದೂರ ಬಂದು ಗಟ್ಟಿಯಾಗಿ ನಿಲ್ಲಬೇಕು, ಒತ್ತಿ ಹಿಡಿದರೆ ಜಾರಬಾರದು.

ಮೊದಲ ಪರೀಕ್ಷೆ ಮನೆಯ ಮುಂದಿನ ಓಣಿಯಲ್ಲಿ, ನಡೆಯುವ ವೇಗದಲ್ಲಿ ಆಗಲಿ. ಹತ್ತು ಹದಿನೈದು ಸಲ ಬಿಗಿಯಾಗಿ ಹಿಡಿದು ನೋಡಿದ ಮೇಲೆಯೇ ದೊಡ್ಡ ರಸ್ತೆಗೆ ಹೋಗಿ. ಚಿತ್ರದುರ್ಗದ ಜೋಗಿಮಟ್ಟಿಯಂಥ ಇಳಿಜಾರಿಗೆ ಹೋಗುವ ಮನಸ್ಸಿದ್ದರೆ ಒಂದು ವಾರ ಊರೊಳಗೇ ಓಡಿಸಿ. ಆ ವಾರ ನಟ್ಟುಗಳ ಮೇಲೆ ಬಿಳಿ ಗಾಜ್ ಸುತ್ತಿಯೇ ಇರಲಿ, ದಿನಾ ಬೆಳಗ್ಗೆ ಹೊರಡುವ ಮುನ್ನ ಒಮ್ಮೆ ಬಗ್ಗಿ ನೋಡಿ.